ಶ್ರೇಣಿಯ ಗೆರೆಗಳು: ಧಾರವಾಡ ಸೀಮೆಯ ಪರೀಕ್ಷೆಗಳ ಪೂರ್ವವೃತ್ತ

ಕರ್ನಾಟಕದ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ 625 ಅಂಕಗಳಿಗೆ 563 ಅಂಕ ಗಳಿಸಿದ ವಿದ್ಯಾರ್ಥಿಗೆ ‘ಎ ಪ್ಲಸ್’ ಶ್ರೇಣಿಯೂ 562 ಗಳಿಸಿದವನಿಗೆ ‘ಎ’ ಶ್ರೇಣಿಯೂ ದೊರೆಯುತ್ತವೆ. ಅದೇ ‘ಎ’ ಶ್ರೇಣಿಯು 500 ಅಂಕ ಪಡೆದ ಮೂರನೆಯವನಿಗೂ ಸಲ್ಲುತ್ತದೆ. ಒಂದು ಅಂಕದ ಅಂತರವು ಇಬ್ಬರನ್ನು ಅಗಲಿಸುವಲ್ಲಿ ಅರವತ್ತೆರಡು ಅಂಕಗಳ ಅಂತರವು ಇನ್ನಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂಡಿಸುವ ಈ ವ್ಯವಸ್ಥೆಯು ನ್ಯಾಯವಾದುದೇ ಎಂದು ಮಕ್ಕಳೂ ತಾಯಿತಂದೆಗಳೂ ಪ್ರತಿ ವರ್ಷ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವವರು ಗೆರೆಗಳನ್ನು ಮಾತ್ರ ನೋಡಿದರೆ ಸಾಲದು. ಅವನ್ನು ಎಳೆದವರು ಯಾರು, ಯಾವ ಕಾಲದಲ್ಲಿ, ಯಾರ ಪ್ರಯೋಜನಕ್ಕಾಗಿ ಎಳೆದರು ಎಂಬುದನ್ನೂ ನೋಡಬೇಕು. ಹುಬ್ಬಳ್ಳಿ-ಧಾರವಾಡದ ಮಕ್ಕಳ ಉತ್ತರಪತ್ರಿಕೆಗಳು ಒಂದು ಕಾಲಕ್ಕೆ ಮುಂಬಯಿಯ ಅಧೀನದಲ್ಲಿಯೂ ಮುಂದೆ ಪುಣೆಯ ಅಧೀನದಲ್ಲಿಯೂ ಕಡೆಗೆ ಬೆಂಗಳೂರಿನ ಅಧೀನದಲ್ಲಿಯೂ ಬೆಲೆಕಟ್ಟಿಸಿಕೊಂಡವುಗಳಾದ ಕಾರಣ, ಈ ವಿಚಾರಣೆಗೆ ಇದಕ್ಕಿಂತ ಯೋಗ್ಯವಾದ ಊರು ದೊರೆಯುವುದು ವಿರಳ.

ಸರಕಾರಿ ಶಾಲೆಗಳು ಬರುವುದಕ್ಕಿಂತ ಮುಂಚೆ ಈ ಸೀಮೆಯಲ್ಲಿದ್ದುದು ಗಾಂವಠೀ ಶಾಲೆ. ದೇವಸ್ಥಾನದ ಪಡಸಾಲೆಯಲ್ಲಿಯೋ ಮಠದ ಅಂಗಳದಲ್ಲಿಯೋ ಕುಳಿತ ಅಯ್ಯಗಳ ಮುಂದೆ ಹುಡುಗರು ಧೂಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿ, ಮಗ್ಗಿಯನ್ನು ಕಾಲು ಅರೆ ಮುಕ್ಕಾಲುಗಳ ಸಹಿತ ಬಾಯಿಪಾಠ ಮಾಡಿ, ಆ ಬಳಿಕ ಕಾಗದಪತ್ರಗಳ ಮೋಡಿಯ ಬರಹವನ್ನು ಓದಲು ಕಲಿಯುತ್ತಿದ್ದರು. ಅಲ್ಲಿ ಇಯತ್ತೆಗಳೆಂಬ ತರಗತಿಗಳಿರಲಿಲ್ಲ, ವಾರ್ಷಿಕ ಪರೀಕ್ಷೆಯಿರಲಿಲ್ಲ, ಒಬ್ಬನು ಒಂದು ಪಾಠವನ್ನು ಮುಗಿಸಿದನೆಂದರೆ ನೆರೆಯವನು ಎಲ್ಲಿಯೇ ಇರಲಿ, ಅವನು ಮುಂದಿನ ಪಾಠಕ್ಕೆ ಹೋಗುತ್ತಿದ್ದನು. ಕಲಿಕೆಯನ್ನು ಕಲಿಯುವವನ ಹೆಜ್ಜೆಯಿಂದಲೇ ಅಳೆಯುವ ಈ ಪದ್ಧತಿಯಲ್ಲಿ ಒಂದು ಸಹಜವಾದ ನ್ಯಾಯವಿದ್ದಿತೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಹೆಣ್ಣುಮಕ್ಕಳಿಗೂ ಊರಿನ ಬಹುಸಂಖ್ಯಾತ ದುಡಿಯುವ ಜಾತಿಗಳ ಮಕ್ಕಳಿಗೂ ಆ ಪಡಸಾಲೆಯ ಮೆಟ್ಟಿಲೇ ನಿಷಿದ್ಧವಾಗಿದ್ದಾಗ, ಒಳಗೆ ಕುಳಿತವರೊಳಗಿನ ನ್ಯಾಯವನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಪರೀಕ್ಷೆಯಿಂದ ಯಾರೂ ಹೊರಬೀಳದಿದ್ದುದಕ್ಕೆ ಹೊರಗಿಡಬೇಕಾದವರನ್ನು ಜನ್ಮವೇ ಮೊದಲು ಹೊರಗಿಟ್ಟಿದ್ದುದು ಒಂದು ಕಾರಣ.

ಹತ್ತೊಂಬತ್ತನೆಯ ಶತಮಾನದಲ್ಲಿ, ವಾಲ್ಟರ್ ಎಲಿಯಟ್ ಮೊದಲಾದ ಅಧಿಕಾರಿಗಳ ಆಸಕ್ತಿಯಿಂದಲೂ, ಮುಂದೆ ಡೆಪ್ಯುಟಿ ಚನ್ನಬಸಪ್ಪನವರ ಅವಿಶ್ರಾಂತ ಶ್ರಮದಿಂದಲೂ ಕನ್ನಡ ಶಾಲೆಗಳು ನೆಲೆಗೊಂಡವು. ಮರಾಠಿಯೇ ಈ ನಾಡಿನ ಭಾಷೆಯೆಂದು ಮುಂಬಯಿಯ ವಿದ್ಯಾಖಾತೆಯು ನಂಬಿದ್ದ ದಿನಗಳಲ್ಲಿ ಊರೂರು ತಿರುಗಿ ಕನ್ನಡದ ಕಲಿಕೆಯನ್ನು ನೆಲೆಗೊಳಿಸಿದ ಚನ್ನಬಸಪ್ಪನವರ ಋಣವು ಎಷ್ಟೆಂಬುದನ್ನು ಧಾರವಾಡವು ಇಂದಿಗೂ ಬಲ್ಲದು. ಶಾಲೆಗಳೊಡನೆ ಇಯತ್ತೆಗಳು ಬಂದವು. ಇಯತ್ತೆಗಳೊಡನೆ ಇನ್ಸ್ಪೆಕ್ಟರ ಸಾಹೇಬರ ತಪಾಸಣೆ ಬಂದಿತು. ಮುಂಬಯಿ ಪ್ರಾಂತವು ಖಾಸಗಿ ಶಾಲೆಗಳಿಗೆ ಸಹಾಯಧನವನ್ನು ಮಕ್ಕಳ ಪರೀಕ್ಷೆಯ ಫಲಕ್ಕೆ ಅನುಸರಿಸಿ ಕೊಡುವ ನಿಯಮವನ್ನು ಅನೇಕ ವರ್ಷ ಪಾಲಿಸಿತು. ತೇರ್ಗಡೆಯಾದ ಪ್ರತಿ ಹುಡುಗನೂ ಶಾಲೆಯ ಲೆಕ್ಕದ ಪುಸ್ತಕದಲ್ಲಿ ಒಂದು ಜಮೆಯಾದನು. ನಪಾಸಾದವನು ಒಂದು ನಷ್ಟವಾದನು. ಮಗುವಿನ ಹೆಸರಿನ ಮುಂದಿನ ಅಂಕವು ಮಗುವಿನ ಕುರಿತಾದ ಮಾತಾಗಿರದೆ ಇನ್ನೊಬ್ಬರ ವ್ಯವಹಾರದ ಸಾಧನವಾದ ಆರಂಭವನ್ನು ನಾನು ಇಲ್ಲಿ ಕಾಣುತ್ತೇನೆ.

ಕನ್ನಡ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆಯಿದ್ದಿತು. ಅದನ್ನು ಪಾಸಾದವನಿಗೆ ಕನ್ನಡ ಸಾಲಿಯ ಮಾಸ್ತರಿಕೆಯ ದಾರಿ ತೆರೆಯುತ್ತಿತ್ತು. ಇಂಗ್ಲಿಷ್ ಶಾಲೆಯ ಕೊನೆಗಿದ್ದುದು ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್. 1857ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾಲಯವು 1859ರಲ್ಲಿ ಮೊದಲ ಸಲ ನಡೆಸಿದ ಪ್ರವೇಶ ಪರೀಕ್ಷೆಯಲ್ಲಿ ಇಡೀ ಪ್ರಾಂತದಿಂದ ಉತ್ತೀರ್ಣರಾದವರು 21 ಮಂದಿ. ಮಹಾದೇವ ಗೋವಿಂದ ರಾನಡೆಯವರೂ ರಾಮಕೃಷ್ಣ ಗೋಪಾಲ ಭಾಂಡಾರಕರರೂ ಅವರಲ್ಲಿದ್ದರು. ಮುಂದೆ ಧಾರವಾಡದ ಬಾಸೆಲ್ ಮಿಶನ್ ಹಾಗೂ ವಿಕ್ಟೋರಿಯಾ ಹೈಸ್ಕೂಲುಗಳಿಂದಲೂ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿನಿಂದಲೂ ಹುಡುಗರು ಇದೇ ಬಾಗಿಲಿಗೆ ಬಂದು ನಿಂತರು. ಇದು ಕಾಲೇಜಿನ ಬಾಗಿಲೆಂಬುದನ್ನು ಮರೆಯಬಾರದು. ಹೈಸ್ಕೂಲಿನ ಶಿಕ್ಷಣವು ಎಷ್ಟರಮಟ್ಟಿಗೆ ಫಲಿಸಿತೆಂದು ತಿಳಿಯುವುದಕ್ಕಿಂತ ಹೆಚ್ಚಾಗಿ ವಿಶ್ವವಿದ್ಯಾಲಯದೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ತೀರ್ಮಾನಿಸಲು ಅದು ಏರ್ಪಟ್ಟಿತು. ಆದರೂ ಕಾಲೇಜಿನ ಆಸೆಯನ್ನೇ ಇಟ್ಟುಕೊಳ್ಳದ, ಮಾಮಲೇದಾರ ಕಚೇರಿಯ ಕಾರಕೂನನಾದರೆ ಸಾಕೆಂದಿದ್ದ ಹುಡುಗನ ಆಯುಷ್ಯವೂ ಅದೇ ಅಳತೆಗೋಲಿಗೆ ಸಿಕ್ಕಿಕೊಂಡಿತು. ಮನೆಯಲ್ಲಿ ಕನ್ನಡವಾಡುವವನು ಬಹುಕಾಲದವರೆಗೆ ಇತಿಹಾಸವನ್ನೂ ಭೂಗೋಲವನ್ನೂ ಇಂಗ್ಲಿಷಿನಲ್ಲಿಯೇ ಬರೆಯಬೇಕಾಗಿದ್ದುದರಿಂದ, ಅವನಿಗೆ ಬಿದ್ದ ಅಂಕವು ಇತಿಹಾಸಜ್ಞಾನದ್ದೋ ಇಂಗ್ಲಿಷ್ ಬರವಣಿಗೆಯದೋ ಎಂದು ಬಿಡಿಸಿ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ವಿಶ್ವವಿದ್ಯಾಲಯದ ಪದವಿಯಿಲ್ಲದೆ ಧಾರವಾಡದಲ್ಲಿ ಶಾಲಾಶಿಕ್ಷಕರಾಗಿ ಜೀವಿಸಿದ ಶಂ.ಬಾ. ಜೋಶಿಯವರು ಕರ್ನಾಟಕ ಸಂಸ್ಕೃತಿಯ ಮೂಲವನ್ನು ಶೋಧಿಸಿದ ಗ್ರಂಥಕ್ಕಾಗಿ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು. ಅವರ ವಿದ್ವತ್ತನ್ನು ಅಳೆಯಬಲ್ಲ ಯಾವ ಶ್ರೇಣಿಯೂ ಆ ಕಾಲದ ಪರೀಕ್ಷಾವ್ಯವಸ್ಥೆಯಲ್ಲಿರಲಿಲ್ಲ.

ಅಂಕವು ಪರೀಕ್ಷಕನ ಕೈಯಲ್ಲಿ ಎಷ್ಟು ಚಂಚಲವಾದುದೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಹಿಂದೂಸ್ಥಾನದ ಶಿಕ್ಷಣವನ್ನು ಹತ್ತಿರದಿಂದ ಬಲ್ಲವರೊಬ್ಬರಿದ್ದರು. ಕಲಕತ್ತಾ ವಿಶ್ವವಿದ್ಯಾಲಯ ಆಯೋಗದ ಸದಸ್ಯರಾಗಿ, ಢಾಕಾ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾಗಿ ಇಲ್ಲಿ ದುಡಿದ ಫಿಲಿಪ್ ಹಾರ್ಟಾಗ್ ಇಂಗ್ಲೆಂಡಿಗೆ ಮರಳಿದ ಮೇಲೆ ಇ.ಸಿ. ರೋಡ್ಸ್ ಎಂಬವರೊಡನೆ 1935ರಲ್ಲಿ ಪರೀಕ್ಷೆಗಳನ್ನೇ ಪರೀಕ್ಷಿಸುವ ಒಂದು ಪುಸ್ತಕವನ್ನು ಪ್ರಕಟಿಸಿದರು. ಶಾಲಾ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಒಂದೇ ಸಾಧಾರಣ ಅಂಕವನ್ನು ಪಡೆದಿದ್ದ 15 ಇತಿಹಾಸದ ಉತ್ತರಪತ್ರಿಕೆಗಳನ್ನು ಅನುಭವಿಗಳಾದ 15 ಪರೀಕ್ಷಕರಿಗೆ ಕೊಟ್ಟಾಗ, ಒಂದೇ ಬೆಲೆಯವೆಂದು ಹಿಂದೆ ನಿರ್ಣಯವಾಗಿದ್ದ ಆ ಪತ್ರಿಕೆಗಳಿಗೆ ಸುಮಾರು ನಲವತ್ತು ಬಗೆಯ ಬೆಲೆಗಳು ಬಂದವು. ಒಂದು ವರ್ಷಕ್ಕೂ ಮಿಕ್ಕಿ ಕಾಲ ಕಳೆದ ಮೇಲೆ ಅವರಲ್ಲಿ 14 ಮಂದಿಗೆ ಅವೇ ಪತ್ರಿಕೆಗಳನ್ನು ಮತ್ತೆ ಕೊಡಲಾಗಿ, 210 ನಿರ್ಣಯಗಳಲ್ಲಿ 92ರಷ್ಟು ಬದಲಾದವು: ಹಿಂದೆ ತಾವೇ ಪಾಸು ಮಾಡಿದ್ದವನನ್ನು ಈಗ ನಪಾಸು ಮಾಡಿದರು, ಬೀಳಿಸಿದ್ದವನನ್ನು ಎತ್ತಿದರು. ಆ ಪರೀಕ್ಷಕರು ಪ್ರಾಮಾಣಿಕರಲ್ಲವೆಂದು ಯಾರೂ ಹೇಳಲಿಲ್ಲ. ಒಬ್ಬ ಪ್ರಾಮಾಣಿಕ ಮನುಷ್ಯನೇ ಎರಡು ದಿನಗಳಲ್ಲಿ ಎರಡು ತೀರ್ಪು ಕೊಡುವನೆಂದಾದರೆ, ನೂರಕ್ಕೆ ಮೂವತ್ತನಾಲ್ಕು ಬೇರೆ, ಮೂವತ್ತೈದು ಬೇರೆ ಎಂಬ ನಮ್ಮ ದೃಢವಿಶ್ವಾಸವು ಯಾವ ತಳಹದಿಯ ಮೇಲೆ ನಿಂತಿದೆ?

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿ ಸರಕಾರವು ಹೈಸ್ಕೂಲಿನ ಅಂತಿಮ ಪರೀಕ್ಷೆಯನ್ನು ವಿಶ್ವವಿದ್ಯಾಲಯದ ಕೈಯಿಂದ ಬಿಡಿಸಿ ಪುಣೆಯ ಪ್ರತ್ಯೇಕ ಮಂಡಲಿಗೆ ಒಪ್ಪಿಸಿತು. 1949ರಿಂದ ಮ್ಯಾಟ್ರಿಕ್ಕಿನ ಸ್ಥಾನದಲ್ಲಿ ಎಸ್.ಎಸ್.ಸಿ. ಪರೀಕ್ಷೆಯು ನಿಂತಿತು. ಆಗ ಆ ಪ್ರಾಂತದ ವಿದ್ಯಾಖಾತೆಯ ನಿರ್ದೇಶಕರಾಗಿದ್ದವರು ಕೇಂಬ್ರಿಜ್ಜಿನಲ್ಲಿ ಗಣಿತದ ರ‍್ಯಾಂಗ್ಲರ್ ಪದವಿ ಗಳಿಸಿದ ಕನ್ನಡಿಗರಾದ ಡಿ.ಸಿ. ಪಾವಟೆಯವರು; 1954ರಲ್ಲಿ ಅವರೇ ಧಾರವಾಡಕ್ಕೆ ಬಂದು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ಇದೇ ಕಾಲದಲ್ಲಿ ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1953ರ ತನ್ನ ವರದಿಯಲ್ಲಿ, ನೂರೊಂದು ಮೆಟ್ಟಿಲುಗಳ ಅಂಕಪದ್ಧತಿಯು ಇಲ್ಲದ ಸೂಕ್ಷ್ಮತೆಯನ್ನು ನಟಿಸುತ್ತದೆಂಬ ಕಾರಣದಿಂದ, ಎ, ಬಿ, ಸಿ, ಡಿ, ಇ ಎಂಬ ಐದು ಅಕ್ಷರಗಳ ಶ್ರೇಣಿಯನ್ನು ಸೂಚಿಸಿತು. ಇಂದು ಹೊಸತೆಂದು ತೋರುವ ಅಕ್ಷರಶ್ರೇಣಿಯು ಹೀಗೆ ಎಪ್ಪತ್ತು ವರ್ಷಗಳಷ್ಟು ಹಳೆಯದು. ಅದರ ಮೂಲತತ್ತ್ವವು ವಿನಯ: ಇಷ್ಟು ಸೂಕ್ಷ್ಮವಾಗಿ ಅಳೆಯಲು ನಮಗೆ ಬಾರದು, ಆದುದರಿಂದ ಅಳೆದಂತೆ ತೋರಿಸಿಕೊಳ್ಳುವುದೂ ಬೇಡ ಎಂಬ ಒಪ್ಪಿಗೆ. ಆ ವಿನಯವನ್ನು ನಾವು ಕೈಬಿಟ್ಟು ಅಕ್ಷರಗಳನ್ನು ಮಾತ್ರ ಇಟ್ಟುಕೊಂಡೆವು. ಅಂಕಪಟ್ಟಿಯಲ್ಲಿ ಇಂದು ಅಂಕವೂ ಇರುತ್ತದೆ, ಅದರ ಪಕ್ಕದಲ್ಲಿ ಅಕ್ಷರವೂ ಇರುತ್ತದೆ.

1956ರ ನವೆಂಬರಿನಲ್ಲಿ ಧಾರವಾಡ ಜಿಲ್ಲೆಯು ಮೈಸೂರು ರಾಜ್ಯವನ್ನು ಕೂಡಿದ ಬಳಿಕ ನಮ್ಮ ಮಕ್ಕಳ ಪರೀಕ್ಷೆಯು ಎಸ್.ಎಸ್.ಎಲ್.ಸಿ. ಆಯಿತು, 1966ರಲ್ಲಿ ಬೆಂಗಳೂರಿನಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ಸ್ಥಾಪಿತವಾಯಿತು. ಇಲ್ಲಿಂದ ಮುಂದಿನ ಇತಿಹಾಸದಲ್ಲಿ ಅಂಕದ ನ್ಯಾಯಾನ್ಯಾಯವು ಬೀದಿಗೆ ಬಂದ ಪ್ರಸಂಗವೊಂದಿದೆ. ಗೋಕಾಕ ಚಳವಳಿಯೆಂದು ನಾಡು ಅದನ್ನು ನೆನೆಯುತ್ತದೆ. ಅದನ್ನು ಭಾಷಾಭಿಮಾನದ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಪರೀಕ್ಷೆಯ ಕಥೆಯಾಗಿ ಹೇಳುವವರು ಕಡಿಮೆ. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡವನಿಗೆ ಅಂಕಗಳು ಧಾರಾಳವಾಗಿ ಒದಗುತ್ತಿದ್ದವು, ಕನ್ನಡವನ್ನು ಆರಿಸಿಕೊಂಡವನಿಗೆ ಹಾಗೆ ಒದಗುತ್ತಿರಲಿಲ್ಲ; ಎರಡೂ ಮೊತ್ತಗಳು ಒಂದೇ ಪಟ್ಟಿಯಲ್ಲಿ ಒಂದರ ಮೇಲೊಂದು ಕೂತಾಗ ಕನ್ನಡ ಓದಿದವನು ಕೆಳಗೆ ಬೀಳುತ್ತಿದ್ದನು. ಬೇರೆ ಬೇರೆ ವಿಷಯಗಳ ಅಂಕಗಳು ಒಂದೇ ನಾಣ್ಯವೆಂದು ಭಾವಿಸಿ ಕೂಡಿಸುವ ರೂಢಿಯೇ ಇಲ್ಲಿನ ಅನ್ಯಾಯದ ಬೇರಾಗಿದ್ದಿತು. ಸವಣೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಓದಿದ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯಲ್ಲಿ 1980ರಲ್ಲಿ ನೇಮಕವಾದ ಸಮಿತಿಯು 1981ರ ಜನವರಿಯಲ್ಲಿ ಕೊಟ್ಟ ವರದಿಯು, ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದಿತು. ವರದಿಯ ಜಾರಿಗಾಗಿ ಧಾರವಾಡದ ಸಾಹಿತಿಗಳು ಮೊದಲು ಬೀದಿಗಿಳಿದರು. 1982ರಲ್ಲಿ ಚಿತ್ರನಟ ರಾಜಕುಮಾರರು ಕೂಡಿದ ಮೇಲೆ ನಾಡೆಲ್ಲ ಎದ್ದಿತು. ಆದರೆ ಹುಬ್ಬಳ್ಳಿಯ ಉರ್ದು ಶಾಲೆಗಳ ಮಕ್ಕಳೂ ಧಾರವಾಡದ ಮರಾಠಿ ಮನೆಗಳ ಮಕ್ಕಳೂ ಕೇಳಿದ ಪ್ರಶ್ನೆಯೂ ನ್ಯಾಯದ್ದೇ ಆಗಿದ್ದಿತು: ತಾಯ್ನುಡಿಯಾಗಿ ಕನ್ನಡವನ್ನು ಪಡೆದವನೊಡನೆ ಅದೇ ಪತ್ರಿಕೆಯಲ್ಲಿ, ಎಲ್ಲಕ್ಕಿಂತ ಭಾರವಾದ ಅಂಕಗಳಿಗಾಗಿ, ತಾವು ಹೇಗೆ ಸ್ಪರ್ಧಿಸಬೇಕು? 1989ರಲ್ಲಿ ಉಚ್ಚ ನ್ಯಾಯಾಲಯದ ಪೂರ್ಣಪೀಠವು ಕನ್ನಡವೊಂದನ್ನೇ ಪ್ರಥಮ ಭಾಷೆಯಾಗಿ ಕಡ್ಡಾಯಗೊಳಿಸುವುದನ್ನು ಒಪ್ಪಲಿಲ್ಲ. ಕನ್ನಡದ ಹಕ್ಕನ್ನು ಮನಸಾರೆ ಬಯಸುವ ನಾನು ಆ ಮಕ್ಕಳ ಪ್ರಶ್ನೆಯನ್ನು ಪ್ರತಿಪಕ್ಷದ ಮಾತೆಂದು ತಳ್ಳಿಹಾಕಲಾರೆ. ಇಂದಿನ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು. 625 ಎಂಬ ವಿಚಿತ್ರವಾದ ಮೊತ್ತದಲ್ಲಿ ಆ ವಾಗ್ವಾದದ ಗುರುತು ಉಳಿದಿದೆ.

ಇಪ್ಪತ್ತೊಂದನೆಯ ಶತಮಾನದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವು ಅಕ್ಷರಗಳನ್ನು ಕೆಳಗಿನ ತರಗತಿಗಳಿಗೂ ತಂದಿತು. ಅಲ್ಲಿ ನೂರಕ್ಕೆ 70ರಿಂದ 89ರವರೆಗೆ ‘ಎ’. ಹತ್ತನೆಯ ತರಗತಿಯಲ್ಲಿಯಾದರೋ 80 ಮುಟ್ಟದವನಿಗೆ ‘ಎ’ ಇಲ್ಲ. ಶೇಕಡಾ 75 ತೆಗೆಯುತ್ತ ಬಂದ ಹುಡುಗಿಯೊಬ್ಬಳು ತನ್ನ ಯೋಗ್ಯತೆಯಲ್ಲಿ ಎಳ್ಳಷ್ಟೂ ಕುಂದಿಲ್ಲದೆ ‘ಎ’ಯಿಂದ ‘ಬಿ ಪ್ಲಸ್’ಗೆ ಇಳಿಯುತ್ತಾಳೆ. ಇದೇ ಊರಿನ ಕೇಂದ್ರೀಯ ವಿದ್ಯಾಲಯಗಳಲ್ಲಿ ಓದುವ ಮಕ್ಕಳಿಗೆ ಬೇರೊಂದು ಕ್ರಮ: ಕೇಂದ್ರ ಮಂಡಳಿಯ ಹನ್ನೆರಡನೆಯ ತರಗತಿಯಲ್ಲಿ ಉತ್ತೀರ್ಣರಾದವರನ್ನು ಅಂಕಾನುಕ್ರಮದಲ್ಲಿ ನಿಲ್ಲಿಸಿ ಮೊದಲ ಎಂಟನೆಯ ಒಂದು ಪಾಲಿಗೆ ಉಚ್ಚತಮ ಶ್ರೇಣಿಯನ್ನು ಕೊಡುತ್ತಾರೆ. ಪ್ರಶ್ನಪತ್ರಿಕೆ ಕಠಿಣವಾದ ವರ್ಷ ಈ ಕ್ರಮವು ಮಕ್ಕಳನ್ನು ರಕ್ಷಿಸುತ್ತದೆ, ನಿಜ. ಆದರೆ ತನ್ನ ಶ್ರೇಣಿಯು ತನ್ನ ಬರಹಕ್ಕಿಂತ ಪರರ ಬರಹವನ್ನು ಅವಲಂಬಿಸಿದೆಯೆಂದು ಹದಿನೇಳು ವರ್ಷದವನಿಗೆ ತಿಳಿಯಹೇಳುವುದು ಸುಲಭವಲ್ಲ.

ಈಚಿನ ವರ್ಷಗಳ ವೃತ್ತಾಂತವು ಎಲ್ಲರಿಗೂ ನೆನಪಿರುವುದರಿಂದ ಸಂಕ್ಷೇಪವಾಗಿ ಹೇಳಬಹುದು. ಮಹಾಮಾರಿಯ ಕಾಲದ 2021ರ ಜುಲೈಯಲ್ಲಿ ಆರು ವಿಷಯಗಳ ಪರೀಕ್ಷೆಯು ಎರಡೇ ದಿನಗಳಲ್ಲಿ, ಆಯ್ಕೆಯ ಪ್ರಶ್ನೆಗಳಿಂದ ಮುಗಿದು, ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದರು. 2022ರಲ್ಲಿ ಜಿಲ್ಲೆಗಳಿಗೂ ಅಕ್ಷರಗಳನ್ನು ಹಂಚಿದಾಗ 34 ಶೈಕ್ಷಣಿಕ ಜಿಲ್ಲೆಗಳಲ್ಲಿ 32ಕ್ಕೆ ‘ಎ’ ಬಂದಿತು. ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಆದ ಮೇಲೆ ಆ ಅಕ್ಷರವು ಯಾರಿಗೂ ಏನನ್ನೂ ತಿಳಿಸಲಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದು ಫಲಿತಾಂಶವು ಕುಸಿದಾಗ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು. ಅಷ್ಟಾದರೂ ಹಿಂದಿನ ವರ್ಷ 83.89 ಇದ್ದ ತೇರ್ಗಡೆಯ ಪ್ರಮಾಣವು 73.40ಕ್ಕೆ ಇಳಿಯಿತು. ಮರುವರ್ಷ ಆ ಕೃಪಾಂಕವಿರಲಿಲ್ಲ. 2025ರ ಅಕ್ಟೋಬರಿನಲ್ಲಿ ಸರಕಾರವು ತೇರ್ಗಡೆಯ ಗೆರೆಯನ್ನೇ ಶೇಕಡಾ 35ರಿಂದ 33ಕ್ಕೆ, ಅಂದರೆ 219 ಅಂಕಗಳಿಂದ 206ಕ್ಕೆ, ಪ್ರತಿ ವಿಷಯದಲ್ಲಿ ಕನಿಷ್ಠ 30 ಅಂಕಗಳಿರಬೇಕೆಂಬ ನಿಬಂಧನೆಯೊಡನೆ ಇಳಿಸುವುದಾಗಿ ಸಾರಿತು. ಗೆರೆಯನ್ನು ಇಳಿಸಿದುದಕ್ಕೆ ನನ್ನ ಆಕ್ಷೇಪವಿಲ್ಲ. ಮೂವತ್ತೈದು ಎಂಬುದು ದೈವದತ್ತವಾದ ಸಂಖ್ಯೆಯೇನೂ ಅಲ್ಲ. ಆದರೆ ಒಂದು ವರ್ಷ ಎತ್ತಿ, ಒಂದು ವರ್ಷ ಇಳಿಸಿ, ಒಂದು ವರ್ಷ ಕೃಪೆದೋರಿ, ಮರುವರ್ಷ ಹಿಂತೆಗೆದುಕೊಂಡರೆ, ಬೇರೆ ಬೇರೆ ವರ್ಷಗಳಲ್ಲಿ ಒಂದೇ ಬೆಂಚಿನ ಮೇಲೆ ಕುಳಿತೆದ್ದ ಅಣ್ಣತಮ್ಮಂದಿರು ಒಂದೇ ನೌಕರಿಗೆ ಅರ್ಜಿ ಹಾಕಿದಾಗ ಅವರ ಪ್ರಮಾಣಪತ್ರಗಳನ್ನು ಹೋಲಿಸುವ ಕಾರಕೂನನಿಗೆ ಈ ಪೂರ್ವೋತ್ತರವೆಲ್ಲ ಕಾಣುವುದಿಲ್ಲ. ಅವನ ಕಣ್ಣಿಗೆ ಬೀಳುವುದು ಅಂಕವೊಂದೇ.

ಗೆರೆಗಳಿಲ್ಲದ ಶ್ರೇಣಿಯನ್ನು ಯಾರೂ ಕಲ್ಪಿಸಲಾರರು. ಎಲ್ಲಿ ಎಳೆದರೂ ಅದರ ಇಕ್ಕೆಲದಲ್ಲಿ ಒಬ್ಬೊಬ್ಬನು ನಿಂತೇ ಇರುತ್ತಾನೆ. ಆದುದರಿಂದ ನ್ಯಾಯವನ್ನು ಹುಡುಕಬೇಕಾದ ಸ್ಥಳವು ಗೆರೆಯ ಅಂಚು. ಉತ್ತರಪತ್ರಿಕೆಯ ಛಾಯಾಪ್ರತಿಯನ್ನು ಪಡೆಯುವ, ಮರುಎಣಿಕೆಯನ್ನೂ ಮರುಮೌಲ್ಯಮಾಪನವನ್ನೂ ಕೇಳುವ ಅವಕಾಶವು ಇಂದು ಮಕ್ಕಳಿಗಿದೆ. ಮ್ಯಾಟ್ರಿಕ್ಕಿನ ಕಾಲದ ಹುಡುಗನಿಗೆ ಇದು ಕನಸಿನಲ್ಲಿಯೂ ಇರಲಿಲ್ಲವಾದುದರಿಂದ ಇದನ್ನು ದೊಡ್ಡ ಸುಧಾರಣೆಯೆಂದೇ ಎಣಿಸಬೇಕು. ಆದರೆ ಅದಕ್ಕೆ ಶುಲ್ಕವಿದೆ, ಅರ್ಜಿಗೆ ಕೊನೆಯ ದಿನಾಂಕವಿದೆ, ಅರ್ಜಿ ತುಂಬಿಸುವ ತಿಳಿವಳಿಕೆಯುಳ್ಳ ಹಿರಿಯರು ಮನೆಯಲ್ಲಿರಬೇಕು. ಹುಬ್ಬಳ್ಳಿಯ ವಿದ್ಯಾನಗರದ ಮನೆಗೆ ಇವೆಲ್ಲ ಒದಗುವಷ್ಟು ಸುಲಭವಾಗಿ ಕಲಘಟಗಿಯ ಕೂಲಿಕಾರನ ಮನೆಗೆ ಒದಗುವುದಿಲ್ಲ. ತೇರ್ಗಡೆಯ ಗೆರೆಗೂ ಶ್ರೇಣಿಯ ಗೆರೆಗಳಿಗೂ ಐದಾರು ಅಂಕಗಳಷ್ಟು ಸಮೀಪದಲ್ಲಿ ನಿಂತ ಪ್ರತಿಯೊಂದು ಪತ್ರಿಕೆಯನ್ನೂ, ಯಾರೂ ಕೇಳದೆಯೇ, ಶುಲ್ಕವಿಲ್ಲದೆ, ಮೊದಲಿನ ಅಂಕವನ್ನು ಕಾಣದ ಎರಡನೆಯ ಮೌಲ್ಯಮಾಪಕನು ನೋಡುವಂತೆ ಮಂಡಳಿಯು ನಿಯಮಿಸಬೇಕು. ಇಬ್ಬರ ನಿರ್ಣಯಗಳು ಭಿನ್ನವಾದಲ್ಲಿ ಹೆಚ್ಚಿನದೇ ಮಗುವಿಗೆ ಸಲ್ಲಬೇಕು. ಫಲಿತಾಂಶವು ಇದರಿಂದ ಕೆಲವು ದಿನ ತಡವಾದೀತು, ಮೌಲ್ಯಮಾಪಕರ ಭತ್ಯೆಯ ವೆಚ್ಚ ಹೆಚ್ಚೀತು. ಆ ವೆಚ್ಚವನ್ನು ಸರಕಾರವು ಭರಿಸತಕ್ಕದ್ದು.