ರಜಾಕಾರರ ಹಾವಳಿ, ಆಮೇಲಿನ ಮೌನ

ನಮ್ಮ ರಾಯಚೂರಿನಲ್ಲಿ ಹಿರಿಯರು ಕಾಲದ ಲೆಕ್ಕ ಹಾಕುತ್ತಿದ್ದುದೇ ‘ರಜಾಕಾರರ ಹಾವಳಿಗೆ ಮೊದಲು, ಆಮೇಲೆ’ ಎಂದು. ಮಾನ್ವಿ ಸೀಮೆಯ ನಮ್ಮಜ್ಜಿ ಹೇಳುತ್ತಿದ್ದಳು: “ರಜಾಕಾರ್ರು ಬಂದ್ರು ಅಂತ ಕೂಗು ಬಿದ್ರ ಸಾಕು, ಖಾಲಿ ಹಗೇವಿನಾಗ ಹೆಣ್ಮಕ್ಕಳನ್ನ ಇಳಿಸಿ ಮ್ಯಾಲ ಕಲ್ಲು ಮುಚ್ಚತಿದ್ರು.” ಜೋಳ ತುಂಬುವ ಆ ನೆಲಗುಂಡಿಯ ಬಾಯಿ ಒಬ್ಬರು ನುಸುಳುವಷ್ಟೇ ಅಗಲ, ಒಳಗೆ ಉಸಿರುಗಟ್ಟುವ ಕತ್ತಲು.

ಲಾತೂರಿನ ವಕೀಲ ಖಾಸಿಂ ರಜ್ವಿಯ ಕೈಗೆ ಸಿಕ್ಕ ರಜಾಕಾರ ಪಡೆ ಆಗ ನಮ್ಮ ಸೀಮೆಯನ್ನು ಆಳುತ್ತಿದ್ದ, ಭಾರತಕ್ಕೆ ಸೇರಲೊಪ್ಪದ ಹೈದರಾಬಾದ್ ನಿಜಾಮನ ಗದ್ದುಗೆ ಉಳಿಸುವ ಹೆಸರಲ್ಲಿ ಧರ್ಮದ್ವೇಷವನ್ನೇ ಆಯುಧ ಮಾಡಿಕೊಂಡಿತು. ಅದನ್ನು ವಿರೋಧಿಸಿ ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು. ಅದಕ್ಕೂ ಎಷ್ಟೋ ಮೊದಲು ಪಂಡಿತ ತಾರಾನಾಥರು ಜಾತಿಮತ ನೋಡದೆ ಹಮ್‌ದರ್ದ್ ಶಾಲೆ ಕಟ್ಟಿದ್ದು ಇದೇ ರಾಯಚೂರಿನಲ್ಲಿ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಅದೇ 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು. 17ಕ್ಕೆ ನಿಜಾಮ ಶರಣಾದ. ಆ ದಿನದ ನೆನಪಿಗೆ ಇಂದಿಗೂ ಧ್ವಜ ಹಾರುತ್ತದೆ, ಹಾರಲೇಬೇಕು. ಆದರೆ ಆಮೇಲಿನ ದಿನಗಳಲ್ಲಿ ರಜಾಕಾರರಿಗೆ ಸಂಬಂಧವೇ ಇಲ್ಲದ ಬಡ ಮುಸ್ಲಿಮರ ಮೇಲೂ ಸೇಡು ತೀರಿಸಿಕೊಂಡರು. ಸಂಸ್ಥಾನದಾದ್ಯಂತ ಸತ್ತವರು 27,000ದಿಂದ 40,000 ಎಂದು ಭಾರತ ಸರ್ಕಾರವೇ ಕಳಿಸಿದ್ದ ಪಂಡಿತ ಸುಂದರಲಾಲ್ ಸಮಿತಿ ಅಂದಾಜಿಸಿತು. ನಮ್ಮ ಕಡೆ ಕಲಬುರಗಿ, ಬೀದರ್ ಹೆಚ್ಚು ಬೆಂದವು. ಆ ವರದಿಯನ್ನು ಸರ್ಕಾರ ಪ್ರಕಟಿಸದೆ ದಶಕಗಳ ಕಾಲ ಮುಚ್ಚಿಟ್ಟಿತು. ಒಂದು ಕ್ರೌರ್ಯವನ್ನು ಹೇಳಿ ಇನ್ನೊಂದನ್ನು ನುಂಗುವುದು ಇತಿಹಾಸವಲ್ಲ.

ದೇವದುರ್ಗದಲ್ಲೋ ಮಾನ್ವಿಯಲ್ಲೋ ನಿಮ್ಮ ಮನೆಯಲ್ಲಿ ತೊಂಬತ್ತು ದಾಟಿದ ಹಿರಿಯರಿದ್ದರೆ, ಹಿಂದೂ ಓಣಿಯಾಗಲಿ ಮುಸ್ಲಿಂ ಓಣಿಯಾಗಲಿ, ಅವರ ಪಕ್ಕ ಕೂತು ಕೇಳಿ, ಈ ವರ್ಷವೇ ಬರೆದಿಡಿ.