ಆಟಗಾರನ ಬೆಲೆ, ಆಟಗಾರನ ಸಂಬಳ

ನಮ್ಮಲ್ಲಿ 'ವರ್ಗಾವಣೆ' ಎಂಬ ಮಾತು ಕಿವಿಗೆ ಬಿದ್ದೊಡನೆ ನೆನಪಿಗೆ ಬರುವುದು ಸರ್ಕಾರಿ ನೌಕರ, ಅವನ ಕೈಗೆ ಬಂದ ಆಜ್ಞೆ, ಲಾರಿಗೇರಿದ ಮಂಚ ಬೀರುಗಳು, ಮಕ್ಕಳ ಶಾಲೆಯ ಚಿಂತೆ. ಅಧ್ಯಾಪಕ ವೃತ್ತಿಯಲ್ಲಿರುವ ನಾನೂ ಆ ಮಾತಿನ ರುಚಿಯನ್ನು ಬಲ್ಲೆ. ಆದರೆ ನನ್ನನ್ನು ಪಡೆದ ಕಾಲೇಜು ನನ್ನನ್ನು ಕಳಿಸಿಕೊಟ್ಟ ಕಾಲೇಜಿಗೆ ಹಣ ತೆತ್ತಿತೆಂದು ಯಾರೂ ಹೇಳಲಾರರು. ಹಾಗೆ ತೆರಬೇಕಾಗಿದ್ದರೆ, ನನ್ನ ಬೆಲೆ ಎಷ್ಟೆಂದು ಗೊತ್ತುಮಾಡುವ ಸಭೆಯಲ್ಲಿ ಕುಳಿತುಕೊಳ್ಳುವ ಧೈರ್ಯ ನನಗಂತೂ ಇಲ್ಲ.

ಇದೇ ಮಾತಿಗೆ ಕಾಲ್ಚೆಂಡಾಟದ ಲೋಕದಲ್ಲಿ ಅರ್ಥವೇ ಬೇರೆ. ಅಲ್ಲಿ ವರ್ಗಾವಣೆಯೆಂದರೆ ಒಂದು ಕ್ಲಬ್ಬು ಇನ್ನೊಂದಕ್ಕೆ ಹಣ ಕೊಟ್ಟು ಆಟಗಾರನನ್ನು ಪಡೆಯುವುದು. 2017ರ ಆಗಸ್ಟಿನಲ್ಲಿ ಬ್ರೆಜಿಲಿನ ನೇಮಾರ್ ಬಾರ್ಸಿಲೋನಾವನ್ನು ಬಿಟ್ಟು ಪ್ಯಾರಿಸ್ಸಿನ ಕ್ಲಬ್ಬನ್ನು ಸೇರಿದಾಗ ಬಾರ್ಸಿಲೋನಾಕ್ಕೆ ಸಂದಾಯವಾದ ಮೊತ್ತ 22 ಕೋಟಿ 20 ಲಕ್ಷ ಯೂರೋ. ಪತ್ರಿಕೆಯಲ್ಲಿ ಅದನ್ನೋದಿದವರು 'ಒಬ್ಬ ಮನುಷ್ಯನಿಗೆ ಇಷ್ಟು ಬೆಲೆಯೇ?' ಎಂದು ಹುಬ್ಬೇರಿಸಿದರು. ನನ್ನ ಕುತೂಹಲ ಬೇರೊಂದು. ಈ ಬೆಲೆ ಯಾವುದಕ್ಕೆ? ಆಟಗಾರನ ಕಾಲಿನ ಕೌಶಲಕ್ಕೋ, ಇಲ್ಲ ಅವನ ಹೆಸರು ಬರೆದಿರುವ ಒಂದು ಕಾಗದಕ್ಕೋ?

ಇದಕ್ಕೆ ಉತ್ತರ ಬೇಕಾದರೆ ಇಂಗ್ಲೆಂಡಿಗೆ, ಅದೂ ವಿಕ್ಟೋರಿಯಾ ರಾಣಿಯ ಕಾಲಕ್ಕೆ ಹೋಗಬೇಕು. ಹಣ ಪಡೆದು ಆಡುವುದನ್ನು ಅಲ್ಲಿಯ ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಿಕೊಂಡದ್ದು 1885ರಲ್ಲಿ. ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಕಟ್ಟಿಕೊಂಡದ್ದು 1888ರಲ್ಲಿ. ಉಳ್ಳವರು ಬಿಡುವಿನ ವೇಳೆಗೆಂದು ಆಡುತ್ತಿದ್ದ ಆಟಕ್ಕೆ ಗಿರಣಿಯ ಊರುಗಳ ದುಡಿಯುವ ಮಕ್ಕಳು ಇಳಿದಿದ್ದರು. ಶನಿವಾರ ಮಧ್ಯಾಹ್ನ ಟಿಕೀಟು ಕೊಂಡು ನೋಡುವವರೂ ಅವರ ನೆಂಟರಿಷ್ಟರೇ. ಹೆಚ್ಚು ಕಾಸು ಕೊಟ್ಟವರ ಕಡೆಗೆ ಆಟಗಾರರು ಮನಬಂದಂತೆ ಹಾರಿಹೋದರೆ ಪಂದ್ಯಗಳ ಗತಿಯೇನು ಎಂಬ ಭಯದಿಂದ, ಪ್ರತಿಯೊಬ್ಬ ಆಟಗಾರನೂ ಒಂದು ಕ್ಲಬ್ಬಿನಲ್ಲಿ ಹೆಸರು ನೋಂದಾಯಿಸಬೇಕೆಂಬ ನಿಯಮ ಬಂತು. ಇಷ್ಟರವರೆಗೆ ಆಕ್ಷೇಪಿಸುವಂಥದೇನೂ ಇಲ್ಲ. ಕೊಕ್ಕೆಯಿದ್ದುದು ಅದರ ಮುಂದಿನ ಹೆಜ್ಜೆಯಲ್ಲಿ. 1890ರ ದಶಕದ ಹೊತ್ತಿಗೆ ಲೀಗು ಈ ನಿಯಮವನ್ನು ಬಿಗಿಮಾಡಿತು. ಕರಾರಿನ ಅವಧಿ ಒಂದೇ ವರ್ಷ. ಆದರೆ ವರ್ಷ ಮುಗಿದ ಮೇಲೂ ನೋಂದಣಿ ಮಾತ್ರ ಕ್ಲಬ್ಬಿನ ಪೆಟ್ಟಿಗೆಯಲ್ಲೇ! 'ಇವನನ್ನು ಉಳಿಸಿಕೊಳ್ಳುತ್ತೇವೆ' ಎಂದು ಕ್ಲಬ್ಬು ಪಟ್ಟಿಯಲ್ಲಿ ಬರೆದರೆ ಮುಗಿಯಿತು. ಅವನು ಒಪ್ಪದಿದ್ದರೆ ಸಂಬಳವಿಲ್ಲ, ಲೀಗಿನ ಬೇರೆ ಕ್ಲಬ್ಬಿಗೆ ಆಡುವ ಹಕ್ಕೂ ಇಲ್ಲ.

ಇದನ್ನು ಅಲ್ಲಿಯ ಆಟಗಾರರೇ ಗುಲಾಮಗಿರಿಯೆಂದು ಕರೆದದ್ದುಂಟು. ನಮ್ಮ ನಾಡಿನ ಜೀತವನ್ನು ಬಲ್ಲವರು ಆ ಮಾತನ್ನು ಇದ್ದಂತೆಯೇ ಒಪ್ಪಲಾರರು. ಜೀತದಾಳು ಹೊಲ ಬಿಟ್ಟು ಹೋಗುವಂತಿರಲಿಲ್ಲ. ಈ ಆಟಗಾರ ಬೂಟು ಕಳಚಿ ಗಣಿಗೋ ಗಿರಣಿಗೋ ಹೋಗಬಹುದಾಗಿತ್ತು. ಆದರೆ ಹತ್ತು ವರ್ಷ ಸವೆಸಿ ಕಲಿತ ವಿದ್ಯೆಯನ್ನು ಇನ್ನೆಲ್ಲೂ ಮಾರಲಾಗದವನಿಗೆ ಆ ಸ್ವಾತಂತ್ರ್ಯದಿಂದ ಎಷ್ಟು ಪ್ರಯೋಜನ?

1901ರಲ್ಲಿ ಎರಡನೆಯ ಬೀಗವೂ ಬಿತ್ತು. ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಸಂಬಳ ಕೊಡಕೂಡದೆಂಬ ಮಿತಿ ಜಾರಿಗೆ ಬಂದಿತು. ಆ ಕಾಲಕ್ಕೆ ಅದು ಅಲ್ಪ ಹಣವಲ್ಲ. ನುರಿತ ಕುಶಲಕರ್ಮಿಯೂ ವಾರಕ್ಕೆ ಅಷ್ಟು ಕಾಣುತ್ತಿರಲಿಲ್ಲ. ಗಮನಿಸಬೇಕಾದುದು ಮೊತ್ತವನ್ನಲ್ಲ, ಎರಡು ನಿಯಮಗಳೂ ಕೂಡಿದಾಗ ಆದ ಪರಿಣಾಮವನ್ನು. ಒಳ್ಳೆಯ ಆಟಗಾರನಿಗೆ ಹೆಚ್ಚು ಕೊಟ್ಟು ಕರೆದುಕೊಳ್ಳುವಂತಿಲ್ಲ. ಅವನಾಗಿಯೇ ಬರುವಂತೆಯೂ ಇಲ್ಲ. ಕೈಯಲ್ಲಿ ಹಣವಿರುವ ಕ್ಲಬ್ಬು ಮಾಡುವುದೇನು? ನೀರಿಗೆ ಒಂದು ತೂಬು ಮುಚ್ಚಿದರೆ ಅದು ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ಆಟಗಾರನಿಗೆ ಸಲ್ಲಬಹುದಾಗಿದ್ದ ಹಣ ಅವನ ಹಳೆಯ ಒಡೆಯರ ಕಡೆಗೆ ಹರಿಯಿತು.

ಬಹಳ ಕಾಲವೇನೂ ಆಗಲಿಲ್ಲ. 1905ರ ಫೆಬ್ರವರಿಯಲ್ಲಿ, ಕೆಳದರ್ಜೆಗೆ ಜಾರುವ ಭೀತಿಯಲ್ಲಿದ್ದ ಮಿಡಲ್ಸ್‌ಬರೋ ಕ್ಲಬ್ಬು ಸಂಡರ್‌ಲ್ಯಾಂಡಿಗೆ 1,000 ಪೌಂಡು ಕೊಟ್ಟು ಆಲ್ಫ್ ಕಾಮನ್ ಎಂಬ ದಪ್ಪ ಮೈಯ ಮುಂಚೂಣಿ ಆಟಗಾರನನ್ನು ತಂದಿತು. ಇಂಗ್ಲೆಂಡು ಬೆಚ್ಚಿಬಿದ್ದಿತು; ಆಟವು ದನದ ಸಂತೆಯಾಯಿತೆಂದು ಹಲವರು ಹಳಿದರು. ಕಾಮನ್ ಹೊಸ ಕ್ಲಬ್ಬಿನ ಪರವಾಗಿ ಆಡಿದ ಮೊದಲ ಪಂದ್ಯದಲ್ಲೇ ಪೆನಾಲ್ಟಿಯಿಂದ ಗೋಲು ಹೊಡೆದ. ಪರಊರಿನಲ್ಲಿ ಗೆಲುವನ್ನೇ ಮರೆತಿದ್ದ ಮಿಡಲ್ಸ್‌ಬರೋ ಆ ಒಂದು ಗೋಲಿನಿಂದ ಗೆದ್ದಿತು, ಆ ವರ್ಷ ಮೇಲ್ದರ್ಜೆಯಲ್ಲೇ ಉಳಿಯಿತು. ಸಾವಿರ ಪೌಂಡು ದಂಡವಾಗಲಿಲ್ಲವೆಂದೇ ಹೇಳಬೇಕು. ಆದರೆ ಕಾಮನ್‌ನ ವಾರದ ಸಂಬಳಕ್ಕೆ ನಿಯಮ ಹಾಕಿದ್ದ ಮಿತಿ ಆಗಲೂ ನಾಲ್ಕೇ ಪೌಂಡು.

ಈ ಕಥೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಪಾತ್ರ ಆರ್ಸೆನಲ್ ಕ್ಲಬ್ಬಿನ ಹರ್ಬರ್ಟ್ ಚ್ಯಾಪ್‌ಮನ್. 1928ರಲ್ಲಿ ಬೋಲ್ಟನ್ ಕ್ಲಬ್ಬಿನ ಡೇವಿಡ್ ಜ್ಯಾಕ್‌ನ ಮೇಲೆ ಅವನ ಕಣ್ಣು ಬಿತ್ತು. ವೆಂಬ್ಲಿ ಮೈದಾನದಲ್ಲಿ ನಡೆದ ಮೊಟ್ಟಮೊದಲ ಕಪ್ ಅಂತಿಮ ಪಂದ್ಯದಲ್ಲಿ, ಅಂದರೆ 1923ರಲ್ಲಿ, ಮೊದಲ ಗೋಲು ಹೊಡೆದವನು ಈ ಜ್ಯಾಕ್. ಬೋಲ್ಟನ್ನಿನವರು ಕೇಳಿದ್ದು 13,000 ಪೌಂಡು. ಲಂಡನ್ನಿನ ಒಂದು ಹೋಟೆಲಿನಲ್ಲಿ ಮಾತುಕತೆಗೆ ಏರ್ಪಾಡಾಯಿತು. ಚ್ಯಾಪ್‌ಮನ್ ಸ್ವಲ್ಪ ಮುಂಚೆಯೇ ಹೋಗಿ ಪರಿಚಾರಕನ ಕೈ ಬೆಚ್ಚಗೆ ಮಾಡಿ ಹೇಳಿದನಂತೆ: ನಾನು ಜಿನ್ ಕೇಳಿದರೆ ನನ್ನ ಲೋಟದಲ್ಲಿ ಜಿನ್ ಇರಕೂಡದು, ಅತಿಥಿಗಳ ಲೋಟದಲ್ಲಿ ಮಾತ್ರ ಎರಡರಷ್ಟಿರಲಿ. ಅವನ ಸಹಾಯಕನಾಗಿದ್ದ ಬಾಬ್ ವಾಲ್ ಹೇಳಿದ ಕಥೆ ಇದು. ಸಂಜೆ ಏರಿದಂತೆ ಬೋಲ್ಟನ್ನಿನವರ ಉಲ್ಲಾಸವೂ ಏರಿತು, ಬೆಲೆ ಇಳಿಯಿತು. ಕೊನೆಗೆ ನಿಂತದ್ದು 10,890 ಪೌಂಡಿಗೆ. ಅಸೋಸಿಯೇಷನ್ನಿನ ಅಧ್ಯಕ್ಷ ಸರ್ ಚಾರ್ಲ್ಸ್ ಕ್ಲೆಗ್, ಪ್ರಪಂಚದ ಯಾವ ಆಟಗಾರನೂ ಹತ್ತು ಸಾವಿರ ಬಾಳುವುದಿಲ್ಲವೆಂದು ಗುಡುಗಿದ.

ಜ್ಯಾಕ್ ಬಾಳಿದನೋ ಇಲ್ಲವೋ? ಅವನಿದ್ದ ಕಾಲದಲ್ಲಿ ಆರ್ಸೆನಲ್ 1930ರಲ್ಲಿ ಕಪ್ಪನ್ನೂ 1931, 1933, 1934ರಲ್ಲಿ ಲೀಗನ್ನೂ ಗೆದ್ದಿತು. ಕ್ಲಬ್ಬಿನ ಮಟ್ಟಿಗೆ ಲಾಭದ ವ್ಯಾಪಾರ. ಆದರೆ ಒಂದು ಸಣ್ಣ ಗುಣಾಕಾರವನ್ನು ವಾಚಕರು ನನ್ನೊಡನೆ ಮಾಡಿ ನೋಡಬೇಕು. ಆಗಿನ ಸಂಬಳದ ಮಿತಿ ವಾರಕ್ಕೆ 8 ಪೌಂಡು. ಬೇಸಗೆಯಲ್ಲಿ ಇನ್ನೂ ಕಡಿಮೆ. ಇರಲಿ, ವರ್ಷದ ಐವತ್ತೆರಡು ವಾರಕ್ಕೂ ಎಂಟೆಂಟೇ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 416 ಪೌಂಡಾಯಿತು. ಅವನ ಹೆಸರಿನ ಕಾಗದಕ್ಕಾಗಿ ಬೋಲ್ಟನ್ನಿಗೆ ಸಂದದ್ದು ಅವನ ಇಪ್ಪತ್ತಾರು ವರ್ಷದ ಸಂಬಳ! ಜ್ಯಾಕ್‌ಗೆ ಆಗ ಇಪ್ಪತ್ತೊಂಬತ್ತು ತುಂಬಿತ್ತು. ಇನ್ನು ಇಪ್ಪತ್ತಾರು ವರ್ಷ ಆಡುವ ಕಾಲು ಯಾರಿಗಿದೆ?

ಮುಂದಿನ ಮೂವತ್ತು ವರ್ಷ ಇದೇ ಕಥೆ ದೊಡ್ಡ ಅಂಕಿಗಳಲ್ಲಿ ನಡೆಯಿತು. 1947ರಲ್ಲಿ ಇಂಗ್ಲೆಂಡ್ ತಂಡದ ಟಾಮಿ ಲಾಟನ್‌ನನ್ನು ಚೆಲ್ಸಿಯಿಂದ ಕೊಂಡದ್ದು ಮೂರನೆಯ ದರ್ಜೆಯ ನಾಟ್ಸ್ ಕೌಂಟಿ. ಬೆಲೆ 20,000 ಪೌಂಡು. ಮೇಲಿದ್ದರೂ ಕೆಳಗಿದ್ದರೂ ಸಂಬಳದ ಮಿತಿ ಒಂದೇ ಆದಾಗ ದೊಡ್ಡ ಆಟಗಾರ ಸಣ್ಣ ಕ್ಲಬ್ಬಿಗೆ ಹೋಗುವುದರಲ್ಲಿ ಆಶ್ಚರ್ಯವೇನಿದೆ? 1957ರಲ್ಲಿ ಲೀಡ್ಸ್ ಕ್ಲಬ್ಬು ಜಾನ್ ಚಾರ್ಲ್ಸ್‌ನನ್ನು ಇಟಲಿಯ ಯುವೆಂಟಸ್‌ಗೆ 65,000 ಪೌಂಡಿಗೆ ಕೊಟ್ಟಿತು. ಹಿಂದಿನ ವರ್ಷ ಬೆಂಕಿಗೆ ಆಹುತಿಯಾಗಿದ್ದ ಪ್ರೇಕ್ಷಕರ ಅಟ್ಟಣೆಯನ್ನು ಮತ್ತೆ ಕಟ್ಟಲು ಆ ಹಣ ನೆರವಾಯಿತು. ಲೀಡ್ಸಿನ ಹೆಸರನ್ನು ನೆನಪಿನಲ್ಲಿಡಿ; ಮತ್ತೆ ಬರುತ್ತದೆ.

ಮಿತಿ 20 ಪೌಂಡಿಗೆ ಬಂದು ನಿಂತಿದ್ದಾಗ ಆಟಗಾರರ ಸಂಘ ಮುಷ್ಕರದ ಮಾತೆತ್ತಿತು. ಸಂಘದ ಅಧ್ಯಕ್ಷ ಫುಲಮ್ ಕ್ಲಬ್ಬಿನ ಜಿಮ್ಮಿ ಹಿಲ್. ಮ್ಯಾಂಚೆಸ್ಟರಿನ ಸಭೆಯಲ್ಲಿ ಒಬ್ಬ ತರುಣ ಆಟಗಾರ ಎದ್ದು, ಗಣಿಯಲ್ಲಿ ದುಡಿಯುವ ತನ್ನ ತಂದೆಗೆ ಇದಕ್ಕಿಂತ ಕಡಿಮೆ ಬರುತ್ತದೆ, ನಮಗೆ ಇಪ್ಪತ್ತು ಸಾಲದೇ ಎಂದು ಕೇಳಿದನಂತೆ. ಬೋಲ್ಟನ್ನಿನ ಟಾಮಿ ಬ್ಯಾಂಕ್ಸ್ ಎದ್ದ: ನಿಮ್ಮ ತಂದೆಯ ಕೆಲಸವನ್ನು ನಾನು ಮಾಡಬಲ್ಲೆ, ಶನಿವಾರ ಸಾವಿರಾರು ಜನರೆದುರು ಸ್ಟ್ಯಾನ್ಲಿ ಮ್ಯಾಥ್ಯೂಸ್‌ನನ್ನು ತಡೆಯುವ ನನ್ನ ಕೆಲಸವನ್ನು ಅವರು ಬಂದು ಮಾಡಲಿ, ನೋಡೋಣ. ಸಭೆ ಅಲ್ಲಿಗೆ ತೀರ್ಮಾನಕ್ಕೆ ಬಂದಿತೆಂದು ಹೇಳುತ್ತಾರೆ. 1961ರ ಜನವರಿ 18ರಂದು ಲೀಗು ಮಣಿಯಿತು, ಸಂಬಳದ ಮಿತಿ ಹೋಯಿತು. ಫುಲಮ್ ಕ್ಲಬ್ಬು ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡು ಕೊಟ್ಟಿತು.

ಕಾಗದದ ಬೀಗ ಇನ್ನೂ ಉಳಿದಿತ್ತು. ಅದನ್ನು ಮುರಿಯಲು ಹೊರಟವನು ನ್ಯೂಕಾಸಲ್ ಕ್ಲಬ್ಬಿನ ಜಾರ್ಜ್ ಈಸ್ಟಮ್. ಕರಾರು ಮುಗಿದರೂ ಕ್ಲಬ್ಬು ಬಿಡದಿದ್ದಾಗ ಅವನು ಆಟವನ್ನೇ ಬಿಟ್ಟು ದಕ್ಷಿಣಕ್ಕೆ ಹೋಗಿ ಬಿರಡೆಯ ಕಾರ್ಕು ಮಾರುವ ಕೆಲಸ ಹಿಡಿದ. 1960ರಲ್ಲಿ ನ್ಯೂಕಾಸಲ್ 47,500 ಪೌಂಡು ಪಡೆದು ಅವನನ್ನು ಆರ್ಸೆನಲ್‌ಗೆ ಬಿಟ್ಟುಕೊಟ್ಟಿತು. ಬೇರೊಬ್ಬನಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದ. ಅವನು ಸಂಘದ ಬೆಂಬಲದಿಂದ ಮೊಕದ್ದಮೆಯನ್ನು ಮುಂದುವರಿಸಿದ. 1963ರ ಜುಲೈಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಕರಾರು ಮುಗಿದವನನ್ನು ಕಟ್ಟಿಹಾಕುವುದು ಅವನ ವೃತ್ತಿಗೆ ಅನ್ಯಾಯದ ತಡೆಯೆಂದು ತೀರ್ಪಿತ್ತರು. ನಿಯಮ ಸಡಿಲಿತು. ಪೂರ್ತಿ ಕಳಚಿದ್ದು 1995ರ ಡಿಸೆಂಬರಿನಲ್ಲಿ, ಯೂರೋಪಿನ ನ್ಯಾಯಾಲಯದ ತೀರ್ಪಿನಿಂದ. ಆ ಮೊಕದ್ದಮೆ ಹೂಡಿದವನು ಬೆಲ್ಜಿಯಮ್ಮಿನ ಜ್ಯಾನ್ ಮಾರ್ಕ್ ಬಾಸ್ಮನ್. 1990ರಲ್ಲಿ ಅವನ ಕ್ಲಬ್ಬು ಅವನ ಸಂಬಳವನ್ನು ಕಾಲು ಭಾಗಕ್ಕೆ ಇಳಿಸಿ, ಹೋಗುತ್ತೇನೆಂದರೆ ಬೆಲೆ ಕೇಳಿತ್ತು. ಗೆದ್ದ ದಿನ ಅವನಿಗೆ ಮೂವತ್ತೊಂದು ವರ್ಷ. ಆಡುವ ಕಾಲದ ಬಹುಪಾಲು ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಕಳೆದಿತ್ತು.

ಹಳೆಯ ನಿಯಮದ ಪರವಾಗಿಯೂ ಒಂದು ಮಾತು ಹೇಳಬೇಕು. ಎಂಬತ್ತು ಸಾವಿರದ ಆಸುಪಾಸಿನ ಜನಸಂಖ್ಯೆಯ ಬರ್ನ್ಲಿ ಎಂಬ ಗಿರಣಿಯೂರು 1960ರಲ್ಲಿ ಲೀಗನ್ನು ಗೆದ್ದಿತ್ತು. ಸಂಬಳದ ಮಿತಿ ಹೋದ ಮೇಲೆ ಅಂಥ ಊರುಗಳಿಗೆ ಆ ಭಾಗ್ಯ ಅಪರೂಪವಾಯಿತು. ನ್ಯಾಯಕ್ಕೂ ಒಂದು ಬೆಲೆಯಿದೆ, ಅದನ್ನು ಸಣ್ಣ ಊರುಗಳು ತೆತ್ತವು.

ಇನ್ನು ಆ ಬೆಲೆಗಳಿಂದ ಗೆಲುವು ಬರುತ್ತದೆಯೇ? ಅರ್ಥಶಾಸ್ತ್ರಜ್ಞ ಸ್ಟೀಫನ್ ಶಿಮಾನ್ಸ್ಕಿ 1978ರಿಂದ 1997ರವರೆಗೆ ನಲವತ್ತು ಇಂಗ್ಲಿಷ್ ಕ್ಲಬ್ಬುಗಳ ಲೆಕ್ಕಗಳನ್ನು ತೆರೆದು ನೋಡಿದರು. ಲೀಗಿನಲ್ಲಿ ಕ್ಲಬ್ಬುಗಳ ಸ್ಥಾನದ ಏರಿಳಿತದಲ್ಲಿ ವರ್ಗಾವಣೆಯ ವೆಚ್ಚದಿಂದ ವಿವರಿಸಬಹುದಾದುದು ನೂರಕ್ಕೆ 16 ಪಾಲು ಮಾತ್ರ. ಸಂಬಳದ ವೆಚ್ಚದಿಂದ ವಿವರಿಸಬಹುದಾದುದು ನೂರಕ್ಕೆ 92. ಗೆದ್ದ ಕ್ಲಬ್ಬು ಹೆಚ್ಚು ಸಂಬಳ ಕೊಡಬಲ್ಲದಲ್ಲವೇ ಎಂದು ತರ್ಕ ಮಾಡುವವರಿಗೆ ಇಲ್ಲಿ ಜಾಗವಿದೆ. ಆದರೂ ಅಂತರ ಇಷ್ಟು ದೊಡ್ಡದಿರುವಾಗ ಸಂಗತಿ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಸಂಬಳವೆಂಬುದು ಆಟಗಾರನೂ ಕ್ಲಬ್ಬೂ ಎದುರುಬದುರು ಕುಳಿತು, ಒಬ್ಬರನ್ನೊಬ್ಬರು ತೂಗಿ, ವರ್ಷವರ್ಷವೂ ತಿದ್ದುವ ಅಂಕಿ. ವರ್ಗಾವಣೆಯ ಬೆಲೆ ಅವಸರದಲ್ಲಿ, ಸೋಲಿನ ಭಯದಲ್ಲಿ, ಕೆಲವೊಮ್ಮೆ ಜಿನ್ನಿನ ಅಮಲಿನಲ್ಲಿ ಹುಟ್ಟಿದ ಅಂಕಿ.

ಈಗ ಲೀಡ್ಸಿನ ಮಾತು. 2000ದ ನವೆಂಬರಿನಲ್ಲಿ ಆ ಕ್ಲಬ್ಬು ರಿಯೋ ಫರ್ಡಿನೆಂಡ್‌ಗಾಗಿ 1 ಕೋಟಿ 80 ಲಕ್ಷ ಪೌಂಡು ತೆತ್ತಿತು. ಮರುವರ್ಷ ಯೂರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಉಪಾಂತ್ಯದವರೆಗೆ ಏರಿತು. ಆ ಏಣಿ ಹಾಗೇ ನಿಲ್ಲುವುದೆಂಬ ನಂಬಿಕೆಯಿಂದ ಮುಂದಿನ ವರ್ಷಗಳ ಟಿಕೀಟು ಹಣವನ್ನೇ ಅಡವಿಟ್ಟು ಆರು ಕೋಟಿ ಪೌಂಡು ಸಾಲ ಎತ್ತಿತು. ಚಾಂಪಿಯನ್ಸ್ ಲೀಗಿಗೆ ಮತ್ತೆ ಅರ್ಹತೆ ದೊರೆಯಲಿಲ್ಲ. 2002ರಲ್ಲಿ ಫರ್ಡಿನೆಂಡ್‌ನನ್ನು ಸುಮಾರು ಮೂರು ಕೋಟಿಗೆ ಮಾರಿತು. ಒಬ್ಬನ ಲೆಕ್ಕದಲ್ಲಿ ನೋಡಿದರೆ ಕೈತುಂಬ ಲಾಭ! ಆದರೆ ಸಂಬಳ ಬಡ್ಡಿಗಳ ಹೊಳೆಯಲ್ಲಿ ಅದೂ ಕೊಚ್ಚಿಹೋಯಿತು. ರಾಬಿ ಫೌಲರ್‌ನನ್ನು 2003ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಬಿಟ್ಟುಕೊಟ್ಟ ಮೇಲೂ ಅವನ ಸಂಬಳದ ಒಂದು ಪಾಲನ್ನು ಲೀಡ್ಸೇ ತೆರಬೇಕಾಯಿತು. ಮಾರಿದ ಎತ್ತಿಗೆ ಹುಲ್ಲು ಹಾಕಿದಂತೆ. 2004ರಲ್ಲಿ ಕ್ಲಬ್ಬು ಕೆಳದರ್ಜೆಗೆ ಬಿತ್ತು, ಅದೇ ವರ್ಷ ತನ್ನ ಮೈದಾನವನ್ನೇ ಮಾರಿತು. ಚಾರ್ಲ್ಸ್‌ನ ಬೆಲೆಯಿಂದ ಅಟ್ಟಣೆ ಎದ್ದ ಮೈದಾನ ಅದು. 2007ರಲ್ಲಿ ಮೂರನೆಯ ದರ್ಜೆ.

ಕ್ಲಬ್ಬುಗಳ ಲೆಕ್ಕಪುಸ್ತಕದಲ್ಲಿ ಈ ಕಾಗದವನ್ನು ಬರೆಯುವ ರೀತಿಯನ್ನೂ ಹೇಳಿ ಮುಗಿಸುತ್ತೇನೆ. ಕೊಂಡ ಬೆಲೆಯನ್ನು ಆಸ್ತಿಯೆಂದು ಬರೆದು, ಕರಾರಿನ ವರ್ಷಗಳಿಗೆ ಹಂಚಿ, ಗಿರಣಿಯ ಯಂತ್ರಕ್ಕೆ ಬರೆಯುವಂತೆ ವರ್ಷವರ್ಷವೂ ಸವಕಳಿ ಬರೆಯುತ್ತಾರೆ. ಐದು ವರ್ಷದ ಕರಾರಾದರೆ ವರ್ಷಕ್ಕೆ ಐದನೆಯ ಒಂದು ಪಾಲು. ಹೊರೆ ಹಗುರವಾಗಿ ಕಾಣಲೆಂದು ಚೆಲ್ಸಿ ಕ್ಲಬ್ಬು 2023ರಲ್ಲಿ ಎಂಟೂವರೆ ವರ್ಷದ ಕರಾರುಗಳನ್ನು ಬರೆಸಿಕೊಂಡಿತು. ಅದೇ ವರ್ಷ ಯೂರೋಪಿನ ಆಡಳಿತ ಸಂಸ್ಥೆ, ಕರಾರು ಎಷ್ಟು ಉದ್ದವಿದ್ದರೂ ತನ್ನ ಲೆಕ್ಕಕ್ಕೆ ಐದು ವರ್ಷಕ್ಕಿಂತ ಹೆಚ್ಚು ಹಂಚಕೂಡದೆಂದಿತು. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಚಿಕ್ಕಂದಿನಿಂದ ಕ್ಲಬ್ಬಿನಲ್ಲೇ ಆಡಿ ಬೆಳೆದ ಹುಡುಗನನ್ನು ಯಾರಿಂದಲೂ ಕೊಂಡಿಲ್ಲವಷ್ಟೆ. ಆದ್ದರಿಂದ ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ಆರನೆಯ ವಯಸ್ಸಿನಲ್ಲಿ ಚೆಲ್ಸಿ ಸೇರಿದ್ದ ಮೇಸನ್ ಮೌಂಟ್ 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದಾಗ ಬಂದ ಸುಮಾರು ಐದೂವರೆ ಕೋಟಿ ಪೌಂಡನ್ನು ಲೆಕ್ಕಿಗರು ಬರೆದುಕೊಂಡದ್ದು ಹೀಗೆಯೇ.