ಮರಳಹಲಗೆಯೂ ಮಿದುಳೂ

ಮುಂಜಾನೆಯ ವಾರ್ತೆಗಳು ಮುಗಿದು ನೀವು ರೇಡಿಯೋದ ಕಿವಿ ಹಿಂಡುವ ಹೊತ್ತಿಗೆ ಓಣಿಯ ಯಾವುದೋ ಮನೆಯಿಂದ ಮಗುವಿನ ದನಿಯೊಂದು ಕೇಳಿಬರುವುದುಂಟು. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು. ನಿಪ್ಪಾಣಿಯ ಪೇಟೆಯ ಕಡೆಗಾದರೆ ಅದೇ ಏರಿಳಿತದಲ್ಲಿ ಮರಾಠಿಯ ‘ಬೇ ಏಕೆ ಬೇ’ ಕೇಳೀತು. ಕೇಳಿದವರಲ್ಲಿ ಕೆಲವರಿಗೆ ನಗೆ ಬರುತ್ತದೆ. ನಮ್ಮ ವಯಸ್ಸಿನವರಿಗೆ ಅಂಗೈ ಚುರ್ರೆನ್ನುತ್ತದೆ. ಈ ಬಾಯಿಪಾಠದ ಶಾಲೆ ನಮ್ಮ ಸೀಮೆಯಲ್ಲಿ ಹೇಗೆ ನಡೆದಿತ್ತು, ಇಂದಿನ ಮಿದುಳಿನ ಶಾಸ್ತ್ರ ಅದನ್ನು ಕುರಿತು ಏನೆನ್ನುತ್ತದೆ ಎಂಬ ಬಗ್ಗೆ ನಾಲ್ಕು ಮಾತು ನಿಮ್ಮೊಡನೆ ಆಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ. ಪಂಡಿತ ಪರೀಕ್ಷೆಗೆ ಓದಿ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ತಲೆ ನರೆಸಿಕೊಂಡವನು. ಆದರೆ ದಿನವೂ ನಾನು ಕೈಯಾಡಿಸುವುದು ಮಕ್ಕಳ ಮಿದುಳಿನಲ್ಲಿಯೇ ಎಂಬುದು ತಡವಾಗಿ ಹೊಳೆದದ್ದರಿಂದ ಆ ಶಾಸ್ತ್ರವನ್ನು ಅಷ್ಟಿಷ್ಟು ಓದಿಕೊಂಡೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇವು ಇಂದು ಒಂದೇ ಶೈಕ್ಷಣಿಕ ಜಿಲ್ಲೆಯ ಊರುಗಳು. ನಿಪ್ಪಾಣಿ, ಕಾಗವಾಡಗಳು ತಾಲೂಕುಗಳಾದದ್ದು 2018ರಲ್ಲಿ, ಮೊನ್ನೆ ಮೊನ್ನೆಯ ಮಾತು. ನೂರು ವರ್ಷಗಳ ಹಿಂದೆ ಈ ನೆಲಕ್ಕೆ ಒಬ್ಬನೇ ದೊರೆಯಿರಲಿಲ್ಲ. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದ ಶಾಹು ಮಹಾರಾಜರ ರಾಜ್ಯದ್ದು. ದೊರೆಗಳು ಬೇರೆಯಾದರೂ ಶಾಲೆಯ ಮಾತು ಒಂದೇ ಆಗಿತ್ತು. ಬಾಲಬೋಧೆಯನ್ನು ಮತ್ತೆ ಮತ್ತೆ ಒಪ್ಪಿಸುವುದಕ್ಕೆ ‘ಉಜಳಣಿ’ ಎಂದರು. ತರಗತಿಯ ಹಿರಿಯ ಹುಡುಗನಿಗೆ ‘ಹಿರೇಮಣಿ’ ಎಂದರು. ಮಾಸ್ತರರ ಕೈಯಲ್ಲಿದ್ದುದು ‘ಛಡಿ’. ಉಜಳಣಿ ಎಂಬುದು ಮರಾಠಿಯಿಂದ ನಮ್ಮಲ್ಲಿಗೆ ಬಂದ ಮಾತು, ಮತ್ತೆ ಬೆಳಗುವುದೆಂದು ಅರ್ಥ. ಕಂದಿದ ಹಿತ್ತಾಳೆಯ ತಂಬಿಗೆಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿದರೆ ಹೇಗೆ ಹೊಳಪೇರುವುದೋ ಹಾಗೆ. ಈ ಮಾತನ್ನು ಮುಂದೆ ಮತ್ತೊಮ್ಮೆ ಎತ್ತಿಕೊಳ್ಳುತ್ತೇನೆ.

ನನ್ನ ಅಜ್ಜನಿಗೆ ಅಕ್ಷರ ಬಂದದ್ದು ಅಥಣಿಯ ಕಡೆಯ ಒಂದು ಹಳ್ಳಿಯ ಜಗಲಿಯಲ್ಲಿ, ಮರಳಿನ ಮೇಲೆ. ಹಲಗೆಗೆ ಸಣ್ಣ ಮರಳನ್ನು ಹರವಿ, ಅಯ್ಯನವರು ಹುಡುಗನ ಬೆರಳು ಹಿಡಿದು ತಿದ್ದಿಸುತ್ತಿದ್ದರಂತೆ. ತಿದ್ದುವಾಗ ಅಕ್ಷರದ ಹೆಸರನ್ನು ಕೂಗಲೇಬೇಕು. ವ್ಯಾಪಾರಕ್ಕೆ ಹೋಗುವ ಮಕ್ಕಳು ಮಗ್ಗಿ ಮುಗಿದ ಮೇಲೆ ಪಾವಕಿ, ನಿಮಕಿ, ಸವಾಯಕಿ, ದಿಡಕಿ ಎಂದು ಕಾಲು ಅರೆಗಳ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ಅಜ್ಜ ಎಂಬತ್ತರ ಇಳಿವಯಸ್ಸಿನಲ್ಲಿಯೂ ಸಂತೆಯಲ್ಲಿ ಒಂದೂಕಾಲು ಮಣಕ್ಕೆ ಎಷ್ಟೆಂದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೇಳುತ್ತಿದ್ದ.

ಇಂಥ ಶಾಲೆ ಒಳಗಿನಿಂದ ಹೇಗಿತ್ತೆಂದು ತಿಳಿಯಬೇಕಾದರೆ ಸ್ವಲ್ಪ ತೆಂಕಣಕ್ಕೆ, ಬಳ್ಳಾರಿಗೆ ಹೋಗಬೇಕು. 1818ರಲ್ಲಿ ಬೆಳಗಾವಿಯ ಕೋಟೆಯನ್ನು ಹಿಡಿದ ಥಾಮಸ್ ಮನ್ರೋ ಸಾಹೇಬನು ಮುಂದೆ ಮದರಾಸಿನ ಗವರ್ನರನಾಗಿ, 1822ರಲ್ಲಿ, ತನ್ನ ಇಲಾಖೆಯ ದೇಶೀ ಶಾಲೆಗಳ ಲೆಕ್ಕ ಕೊಡಿರೆಂದು ಎಲ್ಲ ಕಲೆಕ್ಟರರಿಗೂ ಬರೆದನು. ಹಲವರು ಅಂಕಿಗಳನ್ನು ಕಳುಹಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ ಜಗಲಿಯ ಮೇಲೆ ಕುಳಿತು ನೋಡಿದವನಂತೆ 1823ರ ಆಗಸ್ಟಿನಲ್ಲಿ ಉತ್ತರ ಬರೆದನು. ಅವನ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಮಕ್ಕಳು ಬೆಳಗಿನ ಆರು ಗಂಟೆಗೆ ಕೂಡುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ, ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದ ಮುಂದೆ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಓದದವನನ್ನು ಕೈಕಟ್ಟಿ ಜಂತಿಗೆ ತೂಗುಬಿಡುವ ಶಿಕ್ಷೆಯೂ ಇತ್ತು. ನಮ್ಮ ಹಿರಿಯರು ಅದನ್ನು ಕೋದಂಡವೆನ್ನುತ್ತಿದ್ದರು.

ಕ್ಯಾಂಬೆಲ್ ಮೆಚ್ಚಿದ್ದೂ ಉಂಟು. ಮರಳಿನಲ್ಲಿ ಬರೆಸುವ ಅಗ್ಗದ ಉಪಾಯವನ್ನು, ಮುಂದೆ ಹೋದವನು ಹಿಂದಿನವನಿಗೆ ಕಲಿಸುತ್ತ ತನ್ನ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವ ಕ್ರಮವನ್ನು ಅವನು ಕೊಂಡಾಡಿದನು. ಇಂಗ್ಲೆಂಡು ಅದನ್ನು ಅನುಕರಿಸಿದ್ದು ತಕ್ಕದ್ದೇ ಎಂದನು. ಅನುಕರಣೆಯ ಕಥೆ ಇದು: ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಪಾದ್ರಿ ಆಂಡ್ರೂ ಬೆಲ್ ಒಂದು ದಿನ ಕುದುರೆಯ ಮೇಲೆ ಹೋಗುವಾಗ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಬರೆಯುವುದನ್ನು ಕಂಡನು. ತನ್ನ ಶಾಲೆಗೆ ಬಂದು ಅದನ್ನೇ ಮಾಡಿಸಹೋದರೆ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಆ ತರಗತಿಯನ್ನು ಒಪ್ಪಿಸಿದನು. ನಮ್ಮ ಹಿರೇಮಣಿಯೇ! 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಪುಸ್ತಕ ಅಚ್ಚುಹಾಕಿಸಿದ ಮೇಲೆ ‘ಮದರಾಸು ಪದ್ಧತಿ’ಯ ಶಾಲೆಗಳು ಆ ದೇಶದಲ್ಲೆಲ್ಲ ಹಬ್ಬಿದವು.

ಆದರೆ ಅದೇ ಕ್ಯಾಂಬೆಲ್ ಇನ್ನೊಂದು ಮಾತನ್ನೂ ಬರೆದಿದ್ದಾನೆ. ನನ್ನಂಥ ಪಂಡಿತನಿಗೆ ಅದು ಮುಳ್ಳಿನಂತೆ ಚುಚ್ಚುತ್ತದೆ. ಮಕ್ಕಳು ಒಪ್ಪಿಸುವ ಪದ್ಯಗಳು ಅವರಾಡುವ ನುಡಿಯಲ್ಲಿಲ್ಲ, ಅರ್ಥ ಅವರಿಗೆ ಗಿಣಿಗೆ ತಿಳಿದಷ್ಟೇ, ಎಷ್ಟೋ ಕಡೆ ಗುರುವಿಗೂ ತಿಳಿಯದು ಎಂಬ ದೂರು ಅದು. ಕೇಶಿರಾಜನ ಸೂತ್ರಗಳನ್ನು ಅರ್ಥವಾಗುವುದಕ್ಕೆ ಮೊದಲೇ ಉರುಹಚ್ಚಿದವನಾದ ನಾನು ಇದನ್ನು ಓದಿ ತಲೆ ತಗ್ಗಿಸಿದೆ.

ಈಗ ಮಿದುಳಿನ ಮಾತು. 1885ರಲ್ಲಿ ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು ಪುಸ್ತಕ ಬರೆದನು. ಕಲಿತದ್ದರಲ್ಲಿ ಬಹುಪಾಲು ಮೊದಲ ದಿನವೇ ಸೋರಿಹೋಗುತ್ತದೆ. ಆದರೆ ಒಂದೇ ಸಲ ಕುಳಿತು ತಿಕ್ಕುವುದಕ್ಕಿಂತ ದಿನಗಳ ಅಂತರ ಬಿಟ್ಟು ಬೆಳಗಿದರೆ ಸೋರುವುದು ಕಡಿಮೆಯಾಗುತ್ತದೆ. ಇದಕ್ಕಲ್ಲವೆ ನಮ್ಮವರು ಉಜಳಣಿಯೆಂದದ್ದು? 2008ರಲ್ಲಿ ಅಮೆರಿಕದ ಕಾರ್ಪಿಕೆ, ರೋಡಿಗರ್ ಎಂಬಿಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ವತ್ತು ಸ್ವಾಹಿಲಿ ಶಬ್ದಗಳನ್ನು ಕಲಿಸಿದರು. ಪುಸ್ತಕ ಮುಚ್ಚಿ ಮತ್ತೆ ಮತ್ತೆ ನೆನಪಿನಿಂದ ಹೇಳಿದವರು ವಾರದ ಮೇಲೆ ನೂರಕ್ಕೆ ಎಂಬತ್ತರಷ್ಟನ್ನು ಹೇಳಿದರು. ಪುಸ್ತಕ ತೆರೆದೇ ಮತ್ತೆ ಮತ್ತೆ ಓದಿದವರಿಗೆ ಮೂರನೆಯ ಒಂದು ಪಾಲಿನಷ್ಟು ನೆನಪಿತ್ತು. ಮಗು ಬಣ್ಣದ ಪೆನ್ನು ಹಿಡಿದು ಸಾಲುಗಳನ್ನು ಗೀಚುತ್ತ ಗಂಟೆಗಟ್ಟಲೆ ಓದುತ್ತಿದ್ದರೆ ನೀವು ಸಂತೋಷಪಡುತ್ತೀರಿ. ಪುಸ್ತಕ ಮುಚ್ಚಿಸಿ ಕೇಳಿ ನೋಡಿ.

ಮರಳಿನ ಬೆರಳಿಗೂ ಸಾಕ್ಷಿ ದೊರೆತಿದೆ. ಇಂಡಿಯಾನಾದ ಕ್ಯಾರಿನ್ ಜೇಮ್ಸ್ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಓದಲು ಬಾರದ ಐದು ವರ್ಷದ ಮಕ್ಕಳು ಕೆಲವು ಅಕ್ಷರಗಳನ್ನು ಕೈಯಿಂದ ಬರೆದರು, ಕೆಲವನ್ನು ಕೀಲಿ ಒತ್ತಿ ಮೂಡಿಸಿದರು. ಆಮೇಲೆ ಮಿದುಳಿನ ಚಿತ್ರ ತೆಗೆದಾಗ, ಓದುವುದರಲ್ಲಿ ಬಳಕೆಯಾಗುವ ಭಾಗಗಳು ಎಚ್ಚತ್ತದ್ದು ಕೈಬರಹದ ಅಕ್ಷರಗಳಿಗೆ. ನಮ್ಮ ಕನ್ನಡದಲ್ಲಿ ಇದರ ಭಾರ ಹೆಚ್ಚು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಅಭ್ಯಾಸ ಮಾಡಿ ಸೋನಾಲಿ ನಾಗ್ ಅವರು 2007ರಲ್ಲಿ ತೋರಿಸಿದಂತೆ, ಅಕ್ಷರ ಕಲಿಯುವ ಈ ಕೆಲಸ ಮೂರನೆಯ, ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆ. ಎರಡನೆಯ ತರಗತಿಯ ಹುಡುಗಿ ಒತ್ತಕ್ಷರದಲ್ಲಿ ತಡವರಿಸಿದರೆ ಅವಳನ್ನು ದಡ್ಡಿಯೆನ್ನಬೇಡಿ.

ಇಷ್ಟಕ್ಕೆ ಹಿಗ್ಗಿ, ಹಳೆಯದೆಲ್ಲ ವಿಜ್ಞಾನವೇ ಎಂದು ಹೊರಡುವವರೂ ಇದ್ದಾರೆ. ದಿಲ್ಲಿಯ ಕಡೆಯ 21 ಜನ ವೇದಪಂಡಿತರ ಮಿದುಳಿನ ಚಿತ್ರ ತೆಗೆದು, ನೆನಪಿಗೂ ಭಾಷೆಗೂ ಸಂಬಂಧಿಸಿದ ಕೆಲವು ಭಾಗಗಳು ಇತರರಿಗಿಂತ ದಪ್ಪವಾಗಿದ್ದುದನ್ನು 2016ರಲ್ಲಿ ಪ್ರಕಟಿಸಿದ್ದು ನಿಜ. ಕಂಠಪಾಠದಿಂದ ಹಾಗಾಯಿತೋ, ಹಾಗಿದ್ದವರೇ ಕಂಠಪಾಠಕ್ಕೆ ನಿಂತರೋ, ಆ ಚಿತ್ರಗಳು ಹೇಳಲಾರವು. ಇನ್ನು ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೇನ್’ ವಿದ್ಯೆಯನ್ನು ಸಾವಿರಗಟ್ಟಲೆ ರೂಪಾಯಿಗೆ ಮಾರಲು ಬರುವವರನ್ನು ಹೊಸ್ತಿಲಿನಿಂದಲೇ ಕಳಿಸಿರಿ. ಮಂಗಳೂರಿನ ನರೇಂದ್ರ ನಾಯಕರು ಆ ಮೋಸವನ್ನು ಎಷ್ಟೋ ಊರುಗಳಲ್ಲಿ ಬಯಲು ಮಾಡಿದ್ದಾರೆ. ಮಕ್ಕಳು ನೋಡುವುದು ಮೂಗಿನ ಬದಿಯ ಸಂದಿನಿಂದ.

ಉಜಳಣಿ ಗೆದ್ದಿತು, ಹಿರೇಮಣಿ ಗೆದ್ದನು. ಛಡಿಯ ಪಾಡೇನು?

ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಾನು ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗ. ಮನೆಮಾತು ಮರಾಠಿ, ಶಾಲೆ ಕನ್ನಡದ್ದು. ಹಳಗನ್ನಡದ ಒಂದು ಪದ್ಯವನ್ನು ಒಪ್ಪಿಸು ಎಂದು ಎಬ್ಬಿಸಿದೆ. ಮೊದಲ ಮಾತು ಹೇಳಿ ನಿಂತ. ಛಡಿ ಎತ್ತಿದೆ. ಎತ್ತಿದಷ್ಟೂ ಬಾಯಿ ಕಟ್ಟಿತು. ಮರುದಿನ ಅವನ ತಾಯಿ ಬಂದು, ಸಿಟ್ಟಿಲ್ಲದೆ, ರಾತ್ರಿ ಒಲೆಯ ಮುಂದೆ ಕುಳಿತು ಪೂರಾ ಹೇಳಿದ್ದನಲ್ಲರೀ, ನನಗೇನೂ ತಿಳಿಯದಿದ್ದರೂ ನಾಲ್ಕು ಸಲ ಕೇಳಿದೆ ಎಂದಳು. ತಾಯಿ ಮಗನನ್ನು ಕಾಯುತ್ತಿದ್ದಾಳೆ, ಸುಳ್ಳು ಎಂದುಕೊಂಡೆ. ಆ ವರ್ಷದ ಕೊನೆಗೆ ಹುಡುಗ ಶಾಲೆ ಬಿಟ್ಟ.

ಬಹಳ ವರ್ಷಗಳ ಮೇಲೆ ಓದಿದೆ: 2000ದಲ್ಲಿ ಝೂರಿಕ್ಕಿನಲ್ಲಿ ಡೊಮಿನಿಕ್ ಡಿ ಕ್ವೆರ್ವೇನ್ ಮತ್ತು ಸಂಗಡಿಗರು ಕೆಲವರಿಗೆ ಒಂದಿಷ್ಟು ಶಬ್ದಗಳನ್ನು ಕಲಿಸಿ, ಮರುದಿನ ಕೇಳುವುದಕ್ಕೆ ಒಂದು ಗಂಟೆ ಮೊದಲು ಕಾರ್ಟಿಸೋನಿನ ಗುಳಿಗೆ ಕೊಟ್ಟರು. ನಾವು ಹೆದರಿದಾಗ ಮೈಯಲ್ಲಿ ಊರುವ ರಸದ ಜಾತಿಯದೇ ಆ ಔಷಧ. ಗುಳಿಗೆ ನುಂಗಿದವರಿಗೆ ನಿನ್ನೆ ಕಲಿತದ್ದು ಇಂದು ಬಾಯಿಗೆ ಬರಲಿಲ್ಲ. ಕಲಿತದ್ದು ಅಳಿಸಿಹೋಗಿಲ್ಲ; ಬಾಗಿಲು ಹಾಕಿಕೊಂಡಿತು, ಅಷ್ಟೆ. ನೆನಪನ್ನು ಕಟ್ಟಿ ಹೊರತೆಗೆಯುವ ಹಿಪೊಕ್ಯಾಂಪಸ್ ಎಂಬ ಚಿಕ್ಕ ಭಾಗ, ಕಡಲಕುದುರೆಯ ಆಕಾರದ್ದು, ಈ ರಸಕ್ಕೆ ಬಹಳ ಬೇಗ ಮಣಿಯುತ್ತದೆ. ಆ ತಾಯಿ ಸುಳ್ಳು ಹೇಳಿರಲಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ನಾನು ಛಡಿ ಬಿಟ್ಟದ್ದು ಕಾಯಿದೆಯ ಅಂಜಿಕೆಯಿಂದಲೇ, ಜ್ಞಾನೋದಯದಿಂದಲ್ಲ. ಕಾರಣ ಆಮೇಲೆ ತಿಳಿಯಿತು.

ಇನ್ನು ಕ್ಯಾಂಬೆಲ್ಲನ ಗಿಣಿ. ನಮ್ಮ ಗಡಿಸೀಮೆಯಲ್ಲಿ ಇದು ಹಳಗನ್ನಡದ ತೊಡಕಷ್ಟೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಮುಂಬಯಿ ಸರಕಾರದ ಶಾಲೆಗಳಲ್ಲಿ ಕನ್ನಡದ ಮಕ್ಕಳು ಮರಾಠಿಯಲ್ಲಿ ಓದಬೇಕಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರು (1834–1881) ಬೆಳಗಾವಿ, ಧಾರವಾಡಗಳಲ್ಲಿ ಹಳ್ಳಿ ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿದ್ದು ಈ ಕಷ್ಟವನ್ನು ಕಂಡೇ. ಅದು ಕನ್ನಡದ ಕೆಲಸವೆಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆದರೆ ಅದೇ ನ್ಯಾಯ ತಿರುಗಿ ನನ್ನ ಮೇಲೂ ಬರುತ್ತದೆ: ಇಂದು ಮರಾಠಿಯ ಮನೆಯಿಂದ ಬಂದ ಕೂಸು ನನ್ನ ಮುಂದೆ ಕುಳಿತಿದೆ. ಕೇಂಬ್ರಿಜ್ಜಿನ ಬಾರ್ಟ್‌ಲೆಟ್ 1932ರಲ್ಲಿಯೇ ತೋರಿಸಿದ್ದ, ದೂರದ ಜನರ ಕಥೆಯೊಂದನ್ನು ಓದಿದ ಇಂಗ್ಲಿಷ್ ಓದುಗರು ತಮಗೆ ಹೊಂದದ ಭಾಗವನ್ನು ಬಿಟ್ಟು, ತಮಗೆ ಗೊತ್ತಿದ್ದುದನ್ನು ಸೇರಿಸಿ ನೆನಪಿಟ್ಟುಕೊಂಡರೆಂದು. ಹೊಸದು ಹಳೆಯದಕ್ಕೆ ಗಂಟುಬಿದ್ದರೇ ನಿಲ್ಲುತ್ತದೆ. ಮಗುವಿನ ಹಳೆಯದೆಲ್ಲ ಮನೆಮಾತಿನಲ್ಲಿದೆ. ಈಗ ನಾನು ಪದ್ಯವನ್ನು ಹಾಡುವ ಮೊದಲು ಅದರ ಕಥೆಯನ್ನು ಎರಡೂ ಮಾತಿನಲ್ಲಿ ಹೇಳಿಸುತ್ತೇನೆ. ನನ್ನ ಮರಾಠಿಗೆ ಹುಡುಗರು ನಗುತ್ತಾರೆ, ನಗಲಿ.

ಹೋದ ವರ್ಷ ಕಬ್ಬಿನ ಸುಗ್ಗಿಯಲ್ಲಿ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮೀಸೆ ನರೆಯತೊಡಗಿದ್ದ ಒಬ್ಬ ಬಂದು ಕಾಲು ಮುಟ್ಟಿದ. ಟ್ರ್ಯಾಕ್ಟರ್ ಓಡಿಸುತ್ತಾನಂತೆ. ಗುರುತು ಹತ್ತಿತೇನ್ರಿ ಎಂದು ನಕ್ಕು, ನಾನು ಬಾಯಿ ತೆರೆಯುವ ಮೊದಲೇ ಆ ಪದ್ಯವನ್ನು ಮೊದಲಿನಿಂದ ಕಡೆಯವರೆಗೆ, ಒಂದು ಮಾತ್ರೆಯೂ ತಪ್ಪದೆ, ಒಪ್ಪಿಸಿಬಿಟ್ಟ. ಆಮೇಲೆ ತುಸು ಸಂಕೋಚದಿಂದ ಕೇಳಿದ: “ಸರ್, ಅದರ ಅರ್ಥ ಏನ್ರಿ?”

ನನ್ನ ಬಸ್ಸು ಬಂದಿತ್ತು. ಹೋಗಲಿ ಎಂದು ಬಿಟ್ಟೆ. ಅಲ್ಲಿಯೇ ಕಲ್ಲಿನ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಅರ್ಧ ಕನ್ನಡದಲ್ಲಿ, ಅರ್ಧ ನನ್ನ ಹರಕು ಮರಾಠಿಯಲ್ಲಿ ಹೇಳತೊಡಗಿದೆ.